ಮಾಲ್ಡೀವ್ಸ್ ಮೇಲೆ ಸಿಟ್ಟು ಬೇಡ, ಅಲ್ಲಿನ ಹುಡುಗರಿಗೆ ಕೆಲಸ ಕಲಿಸೋಣ

ಮಾನ್ಯ ಸಂಪಾದಕರೇ,

ಮಾಲ್ಡೀವ್ಸ್ ಹೆಸರು ಬಂದರೆ ಸಾಕು, ನಮ್ಮ ಬಡಾವಣೆಯ ಪಾರ್ಕಿನಲ್ಲಿ ಈಗಲೂ ಒಂದೇ ಮಾತು: ನೆರವಿಗೆ ಹೋಗಿದ್ದ ನಮ್ಮ ಸೇನೆಯವರನ್ನೇ 2024ರಲ್ಲಿ ವಾಪಸ್ ಕಳಿಸಿದರು, ಉಂಡ ಮನೆಗೆ ಎರಡು ಬಗೆದವರು. ನನಗೆ ಹಾಗೆ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ಎಚ್‌ಎಎಲ್ ಹೆಲಿಕಾಪ್ಟರ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. 1992ರಲ್ಲಿ ನಮ್ಮ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್ ಮೊದಲ ಸಲ ಇದೇ ಬೆಂಗಳೂರಿನಲ್ಲಿ ಹಾರಿತು. 2010ರಲ್ಲಿ ಒಂದು ಧ್ರುವ್ ಮಾಲ್ಡೀವ್ಸ್‌ಗೆ ಹೋಯಿತು. ಆಮೇಲೆ ಇನ್ನೊಂದು, ಜೊತೆಗೊಂದು ಡಾರ್ನಿಯರ್ ವಿಮಾನ. ಸುಮಾರು 1,200 ದ್ವೀಪಗಳ ಆ ದೇಶದಲ್ಲಿ ಎಷ್ಟೋ ರೋಗಿಗಳನ್ನು ಅವು ರಾಜಧಾನಿ ಮಾಲೆಯ ಆಸ್ಪತ್ರೆಗೆ ಮುಟ್ಟಿಸಿವೆ. ಅವನ್ನು ನೋಡಿಕೊಳ್ಳಲು ನಮ್ಮ ಸೇನೆಯವರೇ ಅಲ್ಲಿದ್ದರು.

ಆದರೆ ಹೆಲಿಕಾಪ್ಟರ್ ಕೊಡುವುದು ಅಂದರೆ ಹಸು ಕೊಟ್ಟ ಹಾಗಲ್ಲ. ಹಗ್ಗ ಕೈಗಿಟ್ಟು ಬಂದರೆ ಮುಗಿಯುವುದಿಲ್ಲ. ಇಷ್ಟು ಗಂಟೆ ಹಾರಿದ ಮೇಲೆ ತಪಾಸಣೆ ಆಗಲೇಬೇಕು. ಸಮುದ್ರದ ಮೇಲೆ ಹಾರಿ ಬಂದ ಯಂತ್ರವನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಅಸಡ್ಡೆ ಮಾಡಿದರೆ ರಿವೆಟ್ಟುಗಳ ಸುತ್ತ ಬಿಳಿ ಪುಡಿ ಏಳುತ್ತದೆ, ಉಪ್ಪು ತಿನ್ನಲು ಶುರು ಮಾಡಿದೆ ಅಂತ ಅರ್ಥ. ಬಿಡಿಭಾಗ ಇಲ್ಲಿಂದಲೇ ಹೋಗಬೇಕು. ಬಿಚ್ಚಿ ಜೋಡಿಸುವವರೂ ಇಲ್ಲಿಯವರೇ. ಅಂದರೆ ಮನೆ ಅವರದ್ದು, ಬೀಗದ ಕೈ ನಮ್ಮದು. ಐದಾರು ಲಕ್ಷ ಜನರ ದೇಶಕ್ಕೆ ಇದರಿಂದ ಮುಜುಗರ ಆಗುವುದು ಸಹಜ ಅಲ್ವಾ?

ಹೊರಗಿನ ಸೇನೆ ತಮ್ಮ ನೆಲದಲ್ಲಿ ಬೇಡ ಅನ್ನುವುದು ಅವರಿಗೆ ನಿನ್ನೆ ಮೊನ್ನೆ ಬಂದ ಬುದ್ಧಿಯೂ ಅಲ್ಲ. 1976ರಲ್ಲಿ ಬ್ರಿಟಿಷರು ಅಲ್ಲಿನ ಗಾನ್ ದ್ವೀಪದ ವಾಯುನೆಲೆ ಬಿಟ್ಟು ಹೋದರು. ಮರುವರ್ಷವೇ ಸೋವಿಯತ್ ಒಕ್ಕೂಟ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಬಾಡಿಗೆ ಕೊಡುತ್ತೇವೆ, ನಮಗೆ ಕೊಡಿ ಅಂದಿತು. ಮೀನು ಹಿಡಿದು ಬದುಕುತ್ತಿದ್ದ ಬಡ ದೇಶ ಅದು. ಆದರೂ ಒಲ್ಲೆ ಅಂದಿತು. 1988ರಲ್ಲಿ ಬಾಡಿಗೆ ಬಂಟರು ಮಾಲೆಗೆ ನುಗ್ಗಿದಾಗ ಕರೆದದ್ದು ನಮ್ಮನ್ನು. ನಮ್ಮ ಸೈನಿಕರು ರಾತ್ರೋರಾತ್ರಿ ಹೋಗಿ ಇಳಿದರು. 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರಿನ ಘಟಕಕ್ಕೆ ಬೆಂಕಿ ಬಿದ್ದು ಊರಿಗೂರೇ ಬಾಯಾರಿತು. ಆಗಲೂ ಮೊದಲು ನೀರು ಹೊತ್ತು ಹೋದದ್ದು ನಮ್ಮ ವಿಮಾನಗಳೇ. ಚೀನಾ ಕೂಡ ಕಳಿಸಿತು. ಅವರು ಎರಡೂ ಕಡೆಯ ನೀರು ಕುಡಿದರು. ಬಾಯಾರಿದವರು ಇನ್ನೇನು ಮಾಡಬೇಕಿತ್ತು?

ಮುಯಿಝು ಅಧ್ಯಕ್ಷರಾದ ಮೇಲೆ ನಮ್ಮ ಸೇನೆಯವರನ್ನು ವಾಪಸ್ ಕಳಿಸಿದ್ದು ನನಗೂ ನೋವಾಯಿತು. ಸುಳ್ಳು ಹೇಳುವುದಿಲ್ಲ. 2024ರ ಮಾರ್ಚ್‌ನಲ್ಲಿ ಚೀನಾದ ಜೊತೆ ಸೇನಾ ನೆರವಿನ ಒಪ್ಪಂದವೂ ಆಯಿತು. ಮೇ 10ರ ಹೊತ್ತಿಗೆ ಸಮವಸ್ತ್ರದವರು ಎಲ್ಲರೂ ವಾಪಸ್ ಬಂದರು. ಆದರೆ ಅವರ ಜಾಗಕ್ಕೆ ಹೋದವರು ಯಾರು? ನಮ್ಮವರೇ, ಸಮವಸ್ತ್ರ ಇಲ್ಲದ ತಂತ್ರಜ್ಞರು. ಹೆಲಿಕಾಪ್ಟರ್ ಅಲ್ಲೇ ಉಳಿಯಿತು. ಅದೇ ಅಕ್ಟೋಬರ್‌ನಲ್ಲಿ ಮುಯಿಝು ದೆಹಲಿಗೆ ಬಂದರು, 40 ಕೋಟಿ ಡಾಲರ್ ಕರೆನ್ಸಿ ವಿನಿಮಯದ ಒಪ್ಪಂದ ಆಯಿತು. 2025ರ ಜುಲೈನಲ್ಲಿ ಅವರ ಸ್ವಾತಂತ್ರ್ಯದ 60ನೇ ವರ್ಷದ ಹಬ್ಬಕ್ಕೆ ನಮ್ಮ ಪ್ರಧಾನಿಯೇ ಅತಿಥಿ. ಇದನ್ನು ದ್ರೋಹ ಅಂತ ಹೇಗೆ ಕರೆಯುವುದು?

ನಮ್ಮ ಸೈನಿಕರು ಹೊರಟ ಕೂಡಲೇ ಅಲ್ಲಿನ ರಕ್ಷಣಾ ಸಚಿವರು ಒಂದು ಮಾತು ಒಪ್ಪಿಕೊಂಡರು: ಈ ವಿಮಾನಗಳನ್ನು ಹಾರಿಸಬಲ್ಲವರು ಮಾಲ್ಡೀವ್ಸ್ ಸೇನೆಯಲ್ಲಿ ಇನ್ನೂ ಇಲ್ಲ ಅಂತ. ನನ್ನನ್ನು ಕಾಡಿದ್ದು ಅದೇ. ಮೊದಲ ಧ್ರುವ್ ಹೋಗಿ ಆಗಲೇ 14 ವರ್ಷ ಆಗಿತ್ತು! ಅಷ್ಟರಲ್ಲಿ ಒಂದು ತಂಡವನ್ನು ಪೂರ್ತಿ ತಯಾರು ಮಾಡಬಹುದಿತ್ತು. ಬೋಲ್ಟು ಸಡಿಲವಾಗದ ಹಾಗೆ ಅದಕ್ಕೆ ಲಾಕ್ ವೈರ್ ಸುತ್ತುವುದನ್ನು ಎರಡೇ ದಿನದಲ್ಲಿ ಕಲಿಯಬಹುದು. ಅದು ಸರಿ ಇದೆ ಅಂತ ಸಹಿ ಹಾಕುವ ಧೈರ್ಯ ಬರಲು ವರ್ಷಗಳೇ ಬೇಕು. ಪಕ್ಕದಲ್ಲಿ ಒಬ್ಬ ಹಳಬ ನಿಂತಿರಬೇಕು.

ಹಾಗಾಗಿ ಸರ್ಕಾರಕ್ಕೆ ನನ್ನ ಕೋರಿಕೆ ಇಷ್ಟು: ಪ್ರತಿ ವರ್ಷ ಮಾಲ್ಡೀವ್ಸ್‌ನ ಹತ್ತು ಹುಡುಗ ಹುಡುಗಿಯರನ್ನು ಬೆಂಗಳೂರಿಗೆ ಕರೆಸಿ. ಊಟ, ವಸತಿ ಕೊಟ್ಟು ಹ್ಯಾಂಗರ್‌ನಲ್ಲಿ ನಿಲ್ಲಿಸಿ ಕಲಿಸಿ. ಪಾಠ ಹೇಳಲು ನನ್ನಂಥ ನಿವೃತ್ತರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದೇವೆ. ಕರೆದರೆ ನಾಳೆಯೇ ಬರುತ್ತೇವೆ.

– ಎಚ್‌ಎಎಲ್ ನಿವೃತ್ತ ನೌಕರ, ವಿಭೂತಿಪುರ, ಬೆಂಗಳೂರು