ದೋಟಿ ಕೆಳಗಿಡು ಮಾರಾಯ

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಬಂತು. ಮೀಟಿಂಗ್ ನಡುವೆ ನೆಟ್ ಹೋಗುವುದು, ಮತ್ತೆ ಬೆಂಗಳೂರಿಗೆ ಕರೆಸಿಕೊಂಡರೆ ಏನು ಗತಿ ಎಂಬ ನಿನ್ನ ಚಿಂತೆ, ಎಲ್ಲ ಓದಿದೆ. ಆದರೆ ಒಂದು ಸಾಲು ಓದಿದ ಮೇಲೆ ಉಳಿದದ್ದು ತಲೆಗೆ ಹೋಗಲಿಲ್ಲ. ಗಾಳಿಗೆ ಜೋತುಬಿದ್ದ ನೆಟ್ ಕೇಬಲ್ಲನ್ನು ಅಡಿಕೆ ಕೊಯ್ಯುವ ಉದ್ದದ ದೋಟಿಯಿಂದ ಎತ್ತಿ ಕಂಬಕ್ಕೆ ಸಿಕ್ಕಿಸಿದೆ ಅಂತ ಬರೆದಿದ್ದೀಯಲ್ಲ, ಅದು. "ಒಳಗಿರುವುದು ಗಾಜಿನ ಎಳೆ, ಕರೆಂಟ್ ಎಲ್ಲಿಂದ ಬರುತ್ತೆ" ಅಂತ ಬೇರೆ ಸೇರಿಸಿದ್ದೀಯ.

ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಆ ಕಪ್ಪು ಕೇಬಲ್ ಜಗ್ಗಬಾರದು ಅಂತ ಬಹಳ ಕಡೆ ಅದರ ಜೊತೆಗೇ ಒಂದು ಉಕ್ಕಿನ ತಂತಿ ಕೂಡಿಸಿರುತ್ತಾರೆ. ಸಿಪ್ಪೆ ಒಂದೇ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಡೆ ಆ ಕೇಬಲ್ ಹೋಗುವುದು ಕರೆಂಟ್ ಕಂಬದ ಮೇಲೆಯೇ ಅಲ್ವಾ? ಸಿಪ್ಪೆ ಸುಲಿದ ಜಾಗದಲ್ಲಿ ಮೇಲಿನ ಲೈನ್ ತಾಗಿದರೆ, ತಾಗಿದ್ದು ತೋಟದ ಆಚೆಯಾದರೂ, ನಿನ್ನ ಅಂಗಳದವರೆಗೆ ಕರೆಂಟ್ ಬರಬಹುದು. ಕೈಯಲ್ಲಿ ದೋಟಿ ಬೇರೆ. ಅಲ್ಯೂಮಿನಿಯಂ ದೋಟಿ ಲೈನಿಗೆ ತಾಗಿ ಜೀವ ಕಳೆದುಕೊಂಡವರು ಮಲೆನಾಡಿನಲ್ಲಿ ಎಷ್ಟು ಜನ! ಹೊಸದಾಗಿ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತೆ. ಮಳೆಗೆ ನೆನೆದ ಬಿದಿರನ್ನೂ ನಂಬಬೇಡ.

ಟೆಲಿಫೋನ್ ಲೈನಿನ ಕೆಲಸದಲ್ಲಿ ನನಗೊಬ್ಬ ಜೊತೆಗಾರನಿದ್ದ. ನೀನು ಹುಟ್ಟುವ ಮೊದಲಿನ ಮಾತು. ಅವನೂ ಹೀಗೇ ಅನ್ನುತ್ತಿದ್ದ, ಫೋನ್ ತಂತಿಯಲ್ಲಿ ಏನು ಮಹಾ ಇರುತ್ತೆ ಅಂತ. ಒಂದು ಮಳೆಗಾಲ ಮರ ಬಿದ್ದು, ಎಲ್ಲೋ ದೂರದಲ್ಲಿ ಫೋನ್ ತಂತಿ, ಕರೆಂಟ್ ತಂತಿ ಎರಡೂ ಕೂಡಿಕೊಂಡಿದ್ದವು. ಇವನು ಕೆಳಗೆ ಬಿದ್ದ ತುದಿ ಹಿಡಿದ. ಅಷ್ಟೇ. ಅವನ ಹೆಂಡತಿ ಆಮೇಲೆ ತವರಿಗೆ ಹೋದಳು. ಒಮ್ಮೆ ಹೋಗಿ ಮಾತಾಡಿಸಬೇಕಿತ್ತು, ಹೋಗಲಿಲ್ಲ. ಏನು ಹೇಳುವುದು ಅಂತಲೇ ವರ್ಷಗಳು ಕಳೆದುಹೋದವು. ನಿನ್ನ ಆ ಸಾಲು ಓದಿದಾಗ ನೆನಪಾದದ್ದು ಅವನೇ.

ಮನೆಯಲ್ಲಿಡುವ ಈಗಿನ ನೆಟ್ ಪೆಟ್ಟಿಗೆಗಳ (ಮೋಡೆಮ್) ವಿಷಯ ನನಗಿಂತ ನಿನಗೇ ಜಾಸ್ತಿ ಗೊತ್ತು. ಆದರೂ ಹೇಳುತ್ತೇನೆ, ಬೇಜಾರಾಗಬೇಡ. ನೆಟ್ ಹೋದಾಗ ಮೊದಲು ಪೆಟ್ಟಿಗೆಯ ಮೇಲಿನ ಎಲ್‌ಒಎಸ್ (LOS) ದೀಪ ನೋಡು. ಕೆಂಪಗೆ ಉರಿಯುತ್ತಿದ್ದರೆ ನೆಟ್ ಹೊತ್ತು ತರುವ ಬೆಳಕೇ ಗಾಜಿನ ಎಳೆಯಲ್ಲಿ ಬರುತ್ತಿಲ್ಲ ಅಂತ ಅರ್ಥ. ಮನೆಯೊಳಗೆ ಬೀರುವಿನ ಹಿಂದೆ ಹಳದಿ ವೈರ್ ಮಡಚಿಕೊಂಡಿದೆಯಾ ನೋಡಬಹುದು. ಅದರಾಚೆ ನಿನ್ನ ಕೆಲಸ ಅಲ್ಲ, ಕಂಪನಿಯವರಿಗೆ ಫೋನ್ ಮಾಡು. ಅವರು ಎರಡು ದಿನ ಬಿಟ್ಟು ಬಂದರೂ ಪರವಾಗಿಲ್ಲ, ನೀನು ದೋಟಿ ಹಿಡಿಯಬೇಡ.

ಅದರ ಪಕ್ಕದ ಪಾನ್ (PON) ದೀಪ ಹಸಿರಾಗಿ ನಿಂತಿದ್ದರೆ ಹೊರಗಿನ ಲೈನ್ ಸರಿಯಿದೆ ಅಂತ, ಆಗ ಲ್ಯಾಪ್‌ಟಾಪಿಗೆ ಲ್ಯಾನ್ ವೈರ್ ಚುಚ್ಚಿ ನೋಡು. ಹಾಗೆ ಸರಿಯಾಗಿ ನಡೆದರೆ ತೊಂದರೆ ವೈಫೈಯದು. ನಮ್ಮ ಮಣ್ಣಿನ ಗೋಡೆ ಎಷ್ಟು ದಪ್ಪ ಅಂತ ನಿನಗೆ ಹೇಳಬೇಕಾ? ವೈಫೈಯ 5 ಗಿಗಾಹರ್ಟ್ಸ್ ಅಲೆ ಅದನ್ನು ದಾಟಲು ಒದ್ದಾಡುತ್ತೆ, 2.4 ಇಟ್ಟು ನೋಡು. ಇಲ್ಲದಿದ್ದರೆ ಮೀಟಿಂಗ್ ದಿನ ಜಗಲಿಗೆ ಬಂದು ಕೂತುಕೋ. ವೋಲ್ಟೇಜ್ ಇಳಿದಾಗ ಪೆಟ್ಟಿಗೆ ತಾನೇ ಆರಿ ಹತ್ತುವುದೂ ಉಂಟು, ಇನ್ವರ್ಟರಿಗೆ ಹಾಕಿಸು. ಪಿನ್ನು ಚುಚ್ಚುವ ರೀಸೆಟ್ ಮಾತ್ರ ಒತ್ತಬೇಡ, ಸೆಟ್ಟಿಂಗ್ ಎಲ್ಲ ಅಳಿಸಿಹೋದೀತು. ಗುಡುಗು ಶುರುವಾಗುವ ಸೂಚನೆ ಕಂಡಾಗಲೇ ಪ್ಲಗ್ ಕಿತ್ತಿಡು. ಮಿಂಚುವಾಗ ಹೋಗಿ ಮುಟ್ಟುವುದಲ್ಲ.

ಇಷ್ಟೆಲ್ಲ ಬರೆದರೂ ಮನಸ್ಸು ಆ ಕಂಬದ ಹತ್ತಿರವೇ ಇದೆ. ನೀನು ಸಿಕ್ಕಿಸಿದ ಕೇಬಲ್ ಲೈನಿಗೆ ಎಷ್ಟು ಹತ್ತಿರದಲ್ಲಿದೆ ಅಂತ ಬರೆದೇ ಇಲ್ಲ. ದೂರದಿಂದ ನೋಡು, ಮುಟ್ಟಬೇಡ. ಲೈನಿಗೆ ತಾಗುವ ಹಾಗಿದ್ದರೆ ಕೂಡಲೇ 1912ಕ್ಕೆ ಫೋನ್ ಮಾಡಿ ಕರೆಂಟ್ ಕಂಪನಿ ಮೆಸ್ಕಾಂನವರಿಗೆ ತಿಳಿಸು. ಕೊಟ್ಟಿಗೆಯ ದನ ಆ ಕಡೆ ಹೋಗದ ಹಾಗೆ ನೋಡಿಕೋ, ಅಮ್ಮನಿಗೂ ಹೇಳು. ಆಮೇಲೆ ನನಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಇಂತಿ,
ನಿನ್ನ ದೊಡ್ಡಪ್ಪ