ಅವರೆಕಾಳು ಹಿದುಕ್ತಾ ಕೂತ ಅಕ್ಕನಿಗೆ

ಅಕ್ಕಾ, ನಿಮ್ ಹೆಸ್ರು ಇಲ್ಲಿ ಬರೆಯಲ್ಲ, ಓದಿದ್ರೆ ನಿಮಗೇ ಗೊತ್ತಾಗತ್ತೆ. ಡಿಸೆಂಬರ್‌ನಲ್ಲಿ ನಾವು ಮಕ್ಕಳ ಸಹಾಯವಾಣಿ 1098ಗೆ ಫೋನ್ ಮಾಡಿದ ಮೇಲೆ ಕೋಲಾರದ ನಮ್ಮನೆಗೆ ಬಂದ್ರಲ್ಲ, ಅವತ್ತಿಗೆ ನಮ್ಮಕ್ಕನ ಮಗಳು ತನ್ನ ಮೇಲಾದ ದೌರ್ಜನ್ಯದ ಬಗ್ಗೆ ಬಾಯಿ ಬಿಟ್ಟು ಮೂರು ದಿನ ಆಗಿತ್ತು, ನಾವೆಲ್ಲ ಸುತ್ತ ಕೂತು ಯಾಕೆ ಮೊದ್ಲೇ ಹೇಳ್ಲಿಲ್ಲ ಅಂತ ಅದನ್ನೇ ಕೇಳಿ ಕೇಳಿ ಮಗು ಇನ್ನೂ ಮುದುಡಿಕೊಂಡಿತ್ತು.

ನೀವು ಏನೂ ಕೇಳ್ಲಿಲ್ಲ. ನೆಲದ ಮೇಲೆ ಅವಳ ಪಕ್ಕ ಕೂತು, ನೆನೆಸಿಟ್ಟಿದ್ದ ಅವರೆಕಾಳಿನ ಪಾತ್ರೆ ಎಳ್ಕೊಂಡು ಹಿದುಕೋಕೆ ಶುರು ಮಾಡಿದ್ರಿ. ಸ್ವಲ್ಪ ಹೊತ್ತಿಗೆ ಅವಳೂ ಒಂದು ಕಾಳು ತಗೊಂಡ್ಳು. ಅರ್ಧ ಪಾತ್ರೆ ಆದ್ಮೇಲೆ ತಲೆ ಎತ್ತದೇ ತಾನಾಗೇ ಹೇಳಿದ್ಳು, ನೀವು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ "ನೀನ್ ಹೇಳಿದ್ದು ನಂಬ್ತೀನಿ ಪುಟ್ಟಾ, ನಿಂದೇನೂ ತಪ್ಪಿಲ್ಲ" ಅಂದ್ರಿ. ಯಾರಿಗೂ ಹೇಳ್ಬೇಡಿ ಅಂತ ಅತ್ತಾಗ ಸುಳ್ಳು ಪ್ರಾಮಿಸ್ ಮಾಡ್ಲಿಲ್ಲ, ಯಾರಿಗೆ ಹೇಳ್ಬೇಕು ಯಾಕೆ ಹೇಳ್ಬೇಕು ಅಂತ ಬಿಡಿಸಿ ಹೇಳಿದ್ರಿ, ನಂಗೆ ಅದೇ ಎಲ್ಲಕ್ಕಿಂತ ದೊಡ್ಡದು.

ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೋ ಕಾಯ್ದೇಲಿ ಮಗುವಿನ ಹೇಳಿಕೆ ಮನೇಲೇ ತಗೋಬಹುದು, ತಗೊಳ್ಳೋ ಪೊಲೀಸ್ನೋರು ಯೂನಿಫಾರ್ಮ್ ಹಾಕಿರಬಾರ್ದು ಅಂತ ನಿಮ್ಮಿಂದ್ಲೇ ಗೊತ್ತಾಗಿದ್ದು.

ಈಗ ಸ್ಕೂಲಿಗೆ ಹೋಗ್ತಿದಾಳೆ, ರಾತ್ರಿ ಲೈಟ್ ಆಫ್ ಮಾಡೋಕೆ ಮಾತ್ರ ಇನ್ನೂ ಬಿಡಲ್ಲ. ಸಂಕ್ರಾಂತಿಗೆ ಹಿದುಕಿದ ಬೇಳೆ ಸಾರು ಮಾಡಿದಾಗ "ಆ ಆಂಟಿ ಬರ್ತಾರಾ" ಅಂತ ಕೇಳಿದ್ಳು. ತುಂಬಾ ಥ್ಯಾಂಕ್ಸ್ ಅಕ್ಕಾ, ಒಂದ್ಸಲ ಊಟಕ್ಕೆ ಬನ್ನಿ.