ಹುಲಿಯನ್ನು ಕಥೆಯಿಂದ ಓಡಿಸಬೇಡ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಲ್ಲೇ ಕೂತಿದೆ. ಪುಣ್ಯಕೋಟಿ ಹಾಡು ಕೇಳಿ ಮಗಳು ಬಿಕ್ಕಿ ಬಿಕ್ಕಿ ಅತ್ತಳು, ಇನ್ನು ಹುಲಿ, ರಾಕ್ಷಸ ಇರುವ ಕಥೆಯೇ ಬೇಡ ಅಂದೆ. ಅಷ್ಟು ಬೇಗ ತೀರ್ಮಾನ ಮಾಡಬೇಡಮ್ಮ.

ಅವಳು ಅತ್ತಿದ್ದು ಯಾವಾಗ? ಹುಲಿ ಅಡ್ಡಗಟ್ಟಿದಾಗಲೋ, ಇನ್ನು ಯಾರ ಹತ್ತಿರ ಮಲಗಲಿ ಅಂತ ಕರು ಅಮ್ಮನನ್ನು ಕೇಳಿದಾಗಲೋ? ಕರುವಿನ ಮಾತಿಗೇ ಇರಬೇಕು. ಜೂನ್‌ನಲ್ಲಿ ತಾನೇ ಅವಳನ್ನು ಎಲ್‌ಕೆಜಿಗೆ ಸೇರಿಸಿದ್ದು? ಗೇಟಿನ ಹತ್ತಿರ ನಿನ್ನ ದುಪಟ್ಟಾ ಬಿಡುವುದೇ ಇಲ್ಲ ಅಂತ ನೀನೇ ಹೇಳಿದ್ದೆ. ಹೋದ ಅಮ್ಮ ವಾಪಸ್ ಬರುತ್ತಾಳೋ ಇಲ್ಲವೋ ಅನ್ನುವ ಭಯ ಅವಳಲ್ಲಿ ಮೊದಲೇ ಇತ್ತು. ಹೇಳಲು ಮಾತು ಬರುತ್ತಿರಲಿಲ್ಲ, ಅಷ್ಟೇ. ಆ ಮಾತನ್ನು ಕರು ಆಡಿತು. ಅಳು ಬಂತು. ಬರಲಿ ಬಿಡು.

ನಮ್ಮಜ್ಜಿ ಈ ಕಥೆ ಹೇಳುವಾಗ ಮನೆಯಲ್ಲಿ ಒಂದು ಬುಡ್ಡಿದೀಪ ಮಾತ್ರ. ಹುಲಿ ಬಂತು ಅಂದ ಕೂಡಲೇ ನಾನು ಅವರ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದೆ. ತೆಳ್ಳಗಿನ ಹತ್ತಿ ಸೀರೆ, ತೊಳೆದು ತೊಳೆದು ಸವೆದದ್ದು. ದೀಪದ ಬೆಳಕು ಅದರೊಳಗಿಂದಲೇ ಕಾಣುತ್ತಿತ್ತು. "ನಿಲ್ಲಿಸಲಾ?" ಅಂತ ಅಜ್ಜಿ ಕೇಳುತ್ತಿದ್ದರು. "ಬೇಡ, ಹೇಳು" ಅನ್ನುತ್ತಿದ್ದೆ. ಅವರ ಕೈ ನನ್ನ ಬೆನ್ನ ಮೇಲೇ ಇರುತ್ತಿತ್ತು. ಮಾರನೇ ದಿನ ಹಿತ್ತಲಿನಲ್ಲಿ ನಾನೇ ಹುಲಿ, ತಮ್ಮನೇ ಹಸು!

ಆದರೆ ಒಂದು ಎಚ್ಚರ ಬೇಕು. ಕೆಂಪು ಟೋಪಿಯ ಹುಡುಗಿಯ ಕಥೆ ಗೊತ್ತಲ್ವಾ? 1697ರಲ್ಲಿ ಫ್ರಾನ್ಸಿನ ಪೆರೋ ಅದನ್ನು ಅಚ್ಚು ಹಾಕಿಸಿದಾಗ ತೋಳ ಹುಡುಗಿಯನ್ನು ತಿನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು. ಆಮೇಲೆ ಒಂದು ನೀತಿಪದ್ಯ. 1812ರಲ್ಲಿ ಬಂದ ಜರ್ಮನಿಯ ಗ್ರಿಮ್ ಸಹೋದರರ ಪುಸ್ತಕದಲ್ಲಿ ಬೇಟೆಗಾರ ಬಂದು, ತೋಳದ ಹೊಟ್ಟೆ ಸೀಳಿ ಅಜ್ಜಿ, ಮೊಮ್ಮಗಳು ಇಬ್ಬರನ್ನೂ ಹೊರಗೆ ತೆಗೆಯುತ್ತಾನೆ. ತೋಳ ಎರಡರಲ್ಲೂ ಇದೆ. ಐದು ವರ್ಷದ ಮಗುವಿಗೆ ಎರಡನೆಯದೇ ಸರಿ ಅಂತೀನಿ ನಾನು. ಹೆದರಿದ ಮಗುವನ್ನು ತೋಳದ ಹೊಟ್ಟೆಯೊಳಗೇ ಬಿಟ್ಟು ದೀಪ ಆರಿಸಬಾರದು. ಹುಲಿ ಬಂದ ಹೊತ್ತಿಗೆ ಫೋನ್ ಬಂತು ಅಂತ ನೀನು ಎದ್ದು ಹೋಗಲೂಬೇಡ.

ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ ಅನ್ನುವುದು ಕಥೆಯಲ್ಲ. ಸುಮ್ನೆ ಬೆದರಿಕೆ. ಕಥೆಯಲ್ಲಿ ಪುಣ್ಯಕೋಟಿ ಹುಲಿಯ ಎದುರು ನಿಂತು ಮಾತಾಡುತ್ತಾಳೆ. ಗುಮ್ಮನ ಹತ್ತಿರ ಮಗು ಏನು ಮಾತಾಡಬೇಕು? ನಿಮ್ಮ ಮನೆಯಲ್ಲಿ ಯಾರೇ ಹಾಗೆ ಹೆದರಿಸಿದರೂ ಮೆತ್ತಗೆ ತಡೆ.

ಕಥೆ ಮುಗಿದ ಕೂಡಲೇ "ಇದರ ನೀತಿ ಏನು, ಹೇಳು" ಅಂತ ಪರೀಕ್ಷೆ ಮಾಡಬೇಡ. ಪುಣ್ಯಕೋಟಿ ಆಡಿದ ಮಾತಿಗೆ ತಪ್ಪದೆ ಹುಲಿಯ ಹತ್ತಿರ ವಾಪಸ್ ಹೋದದ್ದು ಅವಳಿಗೆ ತಾನಾಗಿಯೇ ನಾಟುತ್ತದೆ. ಹುಲಿ ಯಾಕೆ ಸತ್ತಿತು ಅಂತ ಕೇಳಿಯೇ ಕೇಳುತ್ತಾಳೆ. ನಾನೂ ಕೇಳಿದ್ದೆ. "ನಿನಗೇನು ಅನ್ನಿಸುತ್ತೆ?" ಅಂದು ಸುಮ್ಮನಿರು. ಮಕ್ಕಳು ಆ ಹುಲಿಗೂ ಅಳುತ್ತಾರೆ, ನೋಡು.

ಶನಿವಾರ ರಾತ್ರಿ ಮತ್ತೆ ಹೇಳು. ತೊಡೆ ಮೇಲೆ ಕೂರಿಸಿಕೊಂಡು ಹೇಳು, ಮೊಬೈಲಿನಲ್ಲಿ ಹಾಕಬೇಡ. ಎಲ್ಲಿ ನಿನ್ನ ಕೈ ಹಿಡಿದುಕೊಂಡಳು ಅಂತ ನನಗೆ ತಿಳಿಸು.

ಇತಿ,
ನಿನ್ನ ದೊಡ್ಡಮ್ಮ